ಅಪ್ಪನ ಬಾರಿನ ಸನ್ನದು

ಬಸವೇಶ್ವರನಗರ, ಬೆಂಗಳೂರು
11 ಜೂನ್ 2025

ಪ್ರೀತಿಯ ಅಜ್ಜಿ,

ಶರಣು. ಮಂಡಿನೋವು ಹೇಗಿದೆ? ದಾವಣಗೆರೆಯಲ್ಲಿ ಮಳೆ ಹಿಡಿದಿದೆಯಂತೆ. ಅತ್ತೆ ಮನೆಯ ಹಿತ್ತಿಲ ಕಲ್ಲು ಜಾರುತ್ತದೆ, ಪೂಜೆಯ ಹೂವಿಗೆ ಒಬ್ಬರೇ ಹೋಗಬೇಡಿ. ಅಮ್ಮ ಊಟ ಮಾಡುತ್ತಿದ್ದಾಳೆ, ನಿದ್ದೆ ಮಾತ್ರ ಕಡಿಮೆ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲವೆಂದು ನಿಮಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹೋದಮೇಲೆ ರಾಜಾಜಿನಗರದ ಬಾರಿನ ಗಲ್ಲಾದಲ್ಲಿ ನಾನೇ ಕೂರುತ್ತಿದ್ದೇನೆ. ಅಪ್ಪನ ಹೆಸರಿನ ಸನ್ನದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಅದು ನನ್ನ ಹೆಸರಿಗೆ ಬಂದು ನವೀಕರಣವಾಗದಿದ್ದರೆ ಬಾಗಿಲು ಹಾಕಬೇಕು. ಕಲ್ಮೇಶ ಚಿಕ್ಕಪ್ಪ ಬಂದು, "ವರ್ಷ ತುಂಬೋವರೆಗೂ ಸೂತಕ ಕಣಮ್ಮ, ಯಾವ ಕೆಲಸಕ್ಕೂ ಕೈ ಹಾಕ್ಬಾರ್ದು" ಎಂದರು. ಅಮ್ಮ ತಲೆಯಾಡಿಸಿಬಿಟ್ಟಳು. ನಮ್ಮಲ್ಲಿ ಸೂತಕ ಯಾವಾಗ ಬಂತು, ಅಜ್ಜಿ? ಅಜ್ಜನನ್ನು ಮಣ್ಣು ಮಾಡಿ ಬಂದ ಸಂಜೆಯೇ ನೀವು ಸ್ನಾನ ಮಾಡಿ, ಲಿಂಗಪೂಜೆಗೆ ಕೂತು, ಆಮೇಲೆ ಒಲೆ ಹಚ್ಚಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಎದುರುಮನೆಯವರು ಗಾಬರಿಬಿದ್ದಾಗ, "ಲಿಂಗ ಕಟ್ಟಿದೋರ್ಗೆ ಎಂಥಾ ಸೂತ್ಕ" ಎಂದವರು ನೀವೇ. ಚಿಕ್ಕಪ್ಪನಿಗೆ ಅದನ್ನೇ ಹೇಳಿದೆ. ಎದುರಿಗೆ ನಿಂತೇ ಹೇಳಿದೆ. ಅವರು ಆಗಲೇ ಮೊಬೈಲ್ ಅಂಗಡಿಯವನೊಬ್ಬನಿಗೆ ನಮ್ಮ ಬಾರಿನ ಜಾಗವನ್ನು ಬಾಡಿಗೆಗೆಂದು ತೋರಿಸಿದ್ದಾರೆಂದು ಸಪ್ಲೈಯರ್ ಬೈರಪ್ಪ ಆಮೇಲೆ ತಿಳಿಸಿದ.

ಮರುದಿನ ಅಬಕಾರಿ ಕಚೇರಿಗೆ ಹೋದೆ. ಅಲ್ಲಿದ್ದವರು ನನ್ನ ಹಿಂದೆ ಇನ್ನಾರೋ ಬರಬಹುದೆಂದು ಬಾಗಿಲು ನೋಡಿ, "ಮನೇಲಿ ಗಂಡಸ್ರು ಯಾರೂ ಇಲ್ವಾಮ್ಮ?" ಎಂದರು. ನಾನು ಅರ್ಜಿಗೆ ಅಂಟಿಸಬೇಕಾದ ನನ್ನ ಫೋಟೊವನ್ನು ಅವರ ಮೇಜಿನ ಮೇಲಿಟ್ಟೆ.

ಅಪ್ಪನ ಶಿವಗಣಾರಾಧನೆ ಮುಗಿಸಿ ನೀವು ಹೊರಟಾಗ ಕೇಳಿದ್ದು ಇನ್ನೂ ಚುಚ್ಚುತ್ತಿದೆ: "ಕೊರಳಾಗೆ ಲಿಂಗ ಕಟ್ಕಂಡು ಹೆಂಡ ಮಾರ್ತೀಯೇನೇ?" ಹೌದು, ಮಾರುತ್ತೇನೆ. ಅಪ್ಪನ ಕೊರಳಲ್ಲೂ ಲಿಂಗವಿತ್ತು, ಅವರನ್ನು ನೀವು ಎಂದೂ ಕೇಳಲಿಲ್ಲ. ನನ್ನ ಎಂ.ಎ. ಆದದ್ದು ಅದೇ ಬಾರಿನಿಂದ. ಜಂಗಮರಿಗೆ ನೀವು ಬಡಿಸಿದ ಹೋಳಿಗೆಯೂ ಅಲ್ಲಿಂದಲೇ ಬಂದದ್ದು. ಬೈಕಿನ ಕೀಲಿ ಹಿಡಿದು ತೂರಾಡುವವರಿಗೆ ನಾನು ಇನ್ನೊಂದು ಗ್ಲಾಸು ಕೊಡಿಸುವುದಿಲ್ಲ. ಹುಡುಗರು ಬಂದರೆ ವಯಸ್ಸಿನ ದಾಖಲೆ ಕೇಳುತ್ತೇನೆ. ಮೊನ್ನೆ ಒಬ್ಬ "ಬಿಡಿ ಆಂಟಿ" ಎಂದ. ಆಂಟಿಯಾಗಿಯೇ ಅವನನ್ನು ಹೊರಗೆ ಕಳಿಸಿದೆ.

ಅತ್ತೆ, ಮಾವನಿಗೆ ನನ್ನ ನಮಸ್ಕಾರ ತಿಳಿಸಿ. ಬೈದುಕೊಂಡಾದರೂ ಸರಿ, ಒಮ್ಮೆ ಹರಸಿ.

ನಿಮ್ಮ ಮೊಮ್ಮಗಳು,
ವಚನಾ

ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಮಗ ತೀರಿಕೊಂಡರೆ ತಾಯಿಯೂ ವಾರಸುದಾರಳಂತೆ. ಸನ್ನದು ನನ್ನ ಹೆಸರಿಗಾಗಲು ಅಮ್ಮ ಕೊನೆಗೂ ಒಪ್ಪಿ ಸಹಿ ಹಾಕಿದ್ದಾಳೆ, ಈಗ ಬೇಕಿರುವುದು ನಿಮ್ಮದೊಂದೇ. ಸಹಿ ಬೇಡವೆನ್ನಲು ಚಿಕ್ಕಪ್ಪ ನಿಮಗೆ ಫೋನ್ ಮಾಡಿಯೇ ಮಾಡುತ್ತಾರೆ. ಸೋಮವಾರ ಬೆಳಗಿನ ರೈಲಿಗೆ ಒಪ್ಪಿಗೆ ಪತ್ರ ಹಿಡಿದು ಬರುತ್ತೇನೆ. ಮನಸ್ಸಿಲ್ಲದಿದ್ದರೆ ಸಹಿ ಹಾಕಬೇಡಿ. ಆದರೆ ಅದನ್ನು ಚಿಕ್ಕಪ್ಪನ ಬಾಯಿಂದ ಹೇಳಿಸಬೇಡಿ, ನನ್ನ ಮುಖ ನೋಡಿ ನೀವೇ ಹೇಳಿ. ನಾನು ತಲೆ ತಗ್ಗಿಸುವುದಿಲ್ಲ.