ತಾತನ ಎಸ್ಟೇಟ್ ಕಂಡೆ

ಕ್ಯಾಂಪ್‌ಬೆಲ್ ದ್ವೀಪ, ಜನವರಿ 1997

ತಮ್ಮಾ ಫರ್ಗಸ್,

ನೀನು ಊರಲ್ಲೆಲ್ಲ ಕೊಚ್ಚಿಕೊಳ್ಳುವ ತಾತನ ಎಸ್ಟೇಟನ್ನು ಇವತ್ತು ಕಣ್ಣಾರೆ ಕಂಡೆ. ಹಡಗಿನಿಂದ ಇಳಿಸುವ ಮೊದಲು ಗೈಡ್ ಬ್ರಿಯೋನಿ ನಮ್ಮ ಬೂಟು ಉಜ್ಜಿಸಿ, ನನ್ನ ಜೇಬಿನ ಮೂಲೆಯಲ್ಲಿದ್ದ ಒಂದೇ ಒಂದು ಹುಲ್ಲಿನ ಬೀಜವನ್ನೂ ಚಿಮಟದಿಂದ ಹೆಕ್ಕಿ ತೆಗೆದಳು. ಹೊರಗಿನದೇನೂ ಇಲ್ಲಿ ಬೇರೂರಬಾರದಂತೆ. ತಾತನೋ ಇಲ್ಲಿಗೆ ಸಾವಿರ ಕುರಿ ತಂದು ಇಳಿಸಿದ್ದ!

ಮೊಣಕಾಲವರೆಗಿನ ಕೆಸರು ತುಳಿದು ಹೋದರೆ, ಉಳಿದಿರುವುದು ತುಕ್ಕು ಹಿಡಿದ ಒಂದು ಒಲೆ.

"ಯಾವನೋ ತಲೆಕೆಟ್ಟೋನು ಈ ಗಾಳೀಲಿ ಕುರಿ ಸಾಕೋಕೆ ಬಂದಿದ್ನಂತೆ," ಎಂದಳು ಬ್ರಿಯೋನಿ. ಎಲ್ಲರೂ ನಕ್ಕರು.

"ಆ ತಲೆಕೆಟ್ಟೋನು ನಮ್ಮ ತಾತ ಕಣಮ್ಮ," ಎಂದೆ. ನಗು ನಿಂತಿತು.

ಆ ಕೆಸರಲ್ಲಿ ನಡೆದು ಮಂಡಿ ಊದಿಕೊಂಡಿದೆ. ತಾತನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟೇ.

ಒಲೆಗೆ ಒರಗಿಕೊಂಡು ಒಂದು ಕಡಲಸಿಂಹ ಮಲಗಿತ್ತು. ತಾತನದೇ ಮೀಸೆ, ತಾತನದೇ ಹೊಟ್ಟೆ. ನನ್ನನ್ನು ಕಂಡದ್ದೇ ಗುರ್ರೆಂದಿತು.

"ಐದು ಮೀಟರ್ ದೂರ ನಿಂತ್ಕೊಳ್ರೀ! ಅದು ಇಲ್ಲಿನ ಕಾನೂನು!" ಎಂದು ಬ್ರಿಯೋನಿ ಕೂಗಿದಳು.

ನನಗೆ ಹೇಳಿಕೊಡುತ್ತಾಳೆ! ತಾತ ಬದುಕಿದ್ದಾಗ ನಾವಿಬ್ಬರೂ ಅಷ್ಟೇ ದೂರದಲ್ಲಿ ನಿಲ್ಲುತ್ತಿದ್ದೆವಲ್ಲ.

ಕಾರ್ಡು ತುಂಬಿತು.
ನಿನ್ನ ಅಕ್ಕ ಐಲ್ಸಾ