ಕಾಯಿಲ್ ಸುಟ್ಟದ್ದು ನಿಮ್ಮ ನೀರು, ನನ್ನ ತಮ್ಮನಲ್ಲ

ನಗರ ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರ್ ಸಾಹೇಬರೇ,

ನಮ್ಮ ಬೀದಿಯ ನಲ್ಲಿಗಳಿಗೆ ನದಿ ನೀರಿನ ಬದಲು ಬೋರ್‌ವೆಲ್ಲಿನ ಗಡಸು ನೀರು ಬಿಟ್ಟಿರಿ. ಬಿಟ್ಟದ್ದನ್ನು ಯಾರಿಗೂ ತಿಳಿಸಲಿಲ್ಲ. ಕೇಳಿದಾಗ ಇಲ್ಲವೆಂದಿರಿ. ಮೊದಲನೆಯದನ್ನು ಕ್ಷಮಿಸಬಲ್ಲೆ, ನದಿ ಬತ್ತಿದರೆ ಎಂಜಿನಿಯರ್ ತಾನೇ ಏನು ಮಾಡಿಯಾನು? ಎರಡನೆಯದನ್ನೂ, ಕಚೇರಿಗಳ ರೀತಿನೀತಿ ಬಲ್ಲವಳಾದ್ದರಿಂದ, ಹೇಗೋ ನುಂಗಿಕೊಂಡೇನು. ಈ ಪತ್ರ ಮೂರನೆಯದರ ಬಗ್ಗೆ. ನಿಮ್ಮ ಆ ಒಂದು 'ಇಲ್ಲ'ದಿಂದ ನನ್ನ ತಮ್ಮ ಇಡೀ ಬೀದಿಯ ಕಣ್ಣಲ್ಲಿ ಕಳ್ಳನಾಗಿದ್ದಾನೆ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವಳು. ಮರೆಯುವುದು ನನ್ನ ಕಸುಬಿಗೆ ಒಗ್ಗದು. ನದಿ ನೀರಿನ ಪೈಪು ನಮ್ಮ ಬೀದಿಗೆ ಬಂದ ದಿನ ನಿಮ್ಮ ಕಚೇರಿ ಶಾಮಿಯಾನ ಹಾಕಿಸಿ, "ಇನ್ನು ನಿಮ್ಮ ನೀರಿನ ಚಿಂತೆ ನಮ್ಮದು" ಎಂದು ಘೋಷಿಸಿದ್ದು ನೆನಪಿದೆ. ಮುಂದೆ ನೀರು ಕೆಂಪಗೆ ಬಂದಾಗ ಪೈಪು ತೊಳೆಯುತ್ತಿದ್ದೇವೆ ಎಂದಿರಿ, ಬೆಳ್ಳಗೆ ಬಂದಾಗ ಗಾಳಿ ಸೇರಿದೆ ಎಂದಿರಿ, ಬಾರದೇ ಇದ್ದಾಗ ಬರುತ್ತದೆ ಎಂದಿರಿ. ಎಲ್ಲವನ್ನೂ ನಂಬಿದೆವು. ನೀರು ಕೊಟ್ಟ ಅರಸರು ಅದನ್ನು ಕಲ್ಲಿನ ಮೇಲೆ ಬರೆಸಿದ್ದನ್ನು ಮಕ್ಕಳಿಗೆ ಓದಿಸುತ್ತೇನೆ. ನೀರು ಬದಲಿಸಿದ ನೀವು ಕಂಬಕ್ಕೆ ಒಂದು ಚೀಟಿಯನ್ನಾದರೂ ಅಂಟಿಸಬಾರದಿತ್ತೇ?

ನನ್ನ ಗಂಡ ಮತ್ತು ನನ್ನ ತಮ್ಮ ಸೇರಿ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದರು. ಗೀಸರ್, ವಾಷಿಂಗ್ ಮಷೀನ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್. ಬಿಚ್ಚಿ ಜೋಡಿಸುವುದು ಗಂಡನ ಪಾಲು. ಪೇಟೆಯಿಂದ ಬಿಡಿಭಾಗ ತರುವುದು, ಗಿರಾಕಿಗಳನ್ನು ನಗಿಸುವುದು ತಮ್ಮನ ಪಾಲು. "ಇದಕ್ಕೆ ಗ್ಯಾರಂಟಿ ನಾನು" ಎನ್ನುವುದು ಅವನ ಬಾಯಿಚಟವಾದ್ದರಿಂದ ಬೀದಿ ಅವನಿಗೆ ಗ್ಯಾರಂಟಿ ಎಂದೇ ಹೆಸರಿಟ್ಟಿತ್ತು.

ಎರಡು ವರ್ಷದ ಕೆಳಗೆ, ಗೀಸರುಗಳಲ್ಲಿ ನೀರು ಕಾಯಿಸಲು ಹಾಕಿದ ಹೊಸ ಕಾಯಿಲ್‌ಗಳು ಸುಟ್ಟು ವಾಪಸು ಬರತೊಡಗಿದವು. ಮೈತುಂಬ ಬಿಳಿ ಸುಣ್ಣದ ಹಕ್ಕಳೆ. ಶವರಿನ ತೂತುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಮಷೀನಿಗೆ ಹಾಕಿದ ಟವೆಲು ಹಪ್ಪಳದಂತೆ ಸೆಟೆದು ಒಣಗಿತು. ನನ್ನ ಗಂಡ ಮೊದಲು ಶಂಕಿಸಿದ್ದು ನೀರನ್ನೇ. ದಯವಿಟ್ಟು ಇದನ್ನು ಗಮನಿಸಿ. "ನೀರಲ್ಲೇ ಏನೋ ಆಗಿದೆ ಕಣೇ, ಕೇಳೇ ಬಿಡೋಣ" ಎಂದು ನಿಮ್ಮ ಜನಸಂಪರ್ಕ ಸಭೆಗೆ ಬಂದರು. ಅವರ ಪಕ್ಕದಲ್ಲಿ ತಮ್ಮನೂ ಇದ್ದ, ನಾನೂ ಇದ್ದೆ.

ನೀವು ಮೈಕು ಹಿಡಿದು, "ಅದೇ ನದಿ, ಅದೇ ನೀರು. ಒಂದು ತೊಟ್ಟೂ ಬದಲಾಗಿಲ್ಲ" ಎಂದಿರಿ. ಮೇಜಿನ ಮೇಲಿದ್ದ ಗ್ಲಾಸು ಎತ್ತಿ ಗಟಗಟ ಕುಡಿದು, "ನೋಡಿ, ನಂಗೇನಾಯ್ತು?" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ನಾವು ಕೇಳಿದ್ದು ಗೀಸರಿನ ಆರೋಗ್ಯ, ನೀವು ತೋರಿಸಿದ್ದು ನಿಮ್ಮದು. ನಿಮ್ಮ ಹೊಟ್ಟೆಯಲ್ಲಿ ಕಾಯಿಲ್ ಇದೆಯೇ ಸ್ವಾಮಿ? ಅಷ್ಟಕ್ಕೇ ನಿಂತಿದ್ದರೆ ನಕ್ಕು ಮನೆಗೆ ಬರುತ್ತಿದ್ದೆವು. ನೀವು ಮುಂದುವರಿದು, "ಪೇಟೆ ತುಂಬ ಡೂಪ್ಲಿಕೇಟ್ ಮಾಲು. ನಿಮ್ಮ ರಿಪೇರಿಯವರನ್ನ ವಿಚಾರಿಸ್ಕೊಳ್ಳಿ" ಎಂದಿರಿ. ಸಭೆಯ ತಲೆಗಳೆಲ್ಲ ನನ್ನ ತಮ್ಮನ ಕಡೆ ತಿರುಗಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆಯ ಕಬ್ಬಿಣ ಕಾಯಿಸಿ ಕೊಟ್ಟವರು ನೀವು.

ಮರುದಿನವೇ ಎದುರುಮನೆಯ ಟೈಲರಮ್ಮ ಅಂಗಡಿ ಬಾಗಿಲಲ್ಲಿ ನಿಂತು, "ಏನಪ್ಪಾ ಗ್ಯಾರಂಟಿ, ಡಬ್ಬ ಒರಿಜಿನಲ್ಲು, ಒಳಗಿರೋದು ಯಾವೂರ್ದು?" ಎಂದು ನಕ್ಕರು. ನನ್ನ ಗಂಡ ನಗಲಿಲ್ಲ.

"ನೀರು ಸರಿ ಇದೆ ಅಂತ ದೊಡ್ಡವರೇ ಹೇಳಿದ್ಮೇಲೆ ಇನ್ನೇನು ಉಳೀತು? ನಿಜ ಹೇಳು, ಎಲ್ಲಿಂದ ತರ್ತಿದ್ದೀಯ?"

"ಯಾವಾಗ್ಲೂ ತರೋ ಕಡೆಯಿಂದ್ಲೇ, ಭಾವ."

"ಮತ್ಯಾಕೆ ಸುಡ್ತಿದೆ?"

"ಗೊತ್ತಿದ್ರೆ ನಿಮಗಿಂತ ಮುಂಚೆ ನಾನೇ ಹೇಳ್ತಿರ್ಲಿಲ್ವಾ? ಅಕ್ಕ, ನೀನಾದ್ರೂ ಹೇಳು."

ನಾನು ಹೇಳಿದೆ. ತಮ್ಮನ ಪರ ಅಕ್ಕ ಹೇಳುವ ಸಾಕ್ಷಿಗೆ ಯಾವ ನ್ಯಾಯಾಲಯದಲ್ಲಿ ಬೆಲೆಯಿದೆ? ಅವನು ಅಂಗಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನಮ್ಮ ಮನೆಯನ್ನೂ ಬಿಟ್ಟು ಹೋದ. ಈಗ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಬಿಡಿಭಾಗದ ಪೇಟೆಯಲ್ಲಿ ಯಾರೂ ಅವನನ್ನು ಸೇರಿಸಲಿಲ್ಲ. ಸ್ವಂತ ಭಾವನೇ ಹೊರಗೆ ಹಾಕಿದವನನ್ನು ಬೇರೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ಹೆಂಡತಿಯ ತಮ್ಮನ ಮಾತಿಗಿಂತ ನಿಮ್ಮ ಮಾತು ದೊಡ್ಡದೆಂದು ನನ್ನ ಗಂಡ ನಂಬಿದರು. ನಿಮ್ಮ ಕಚೇರಿಗೆ ಇಂಥ ಗೌರವ ಬೇರೆ ಯಾರಾದರೂ ಕೊಟ್ಟದ್ದುಂಟೇ?

ಈಚೆಗೆ ನೀರಿನ ಮೀಟರ್ ಕೆಲಸಕ್ಕೆಂದು ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದರಿಂದ ಕ್ಯಾಂಟೀನಿನಲ್ಲಿ ಕೂತೆ. ರಿಪೇರಿಯವನ ಹೆಂಡತಿಗೆ ಕೆಟಲ್ ಕಂಡರೆ ಒಳಗೆ ಇಣುಕುವ ಚಾಳಿ. ಇಣುಕಿದೆ. ಒಳಗೆ ಸುಣ್ಣದ ಚೂರೂ ಇಲ್ಲ, ಕನ್ನಡಿಯಂತೆ ಹೊಳಪು. ನನ್ನ ಮುಖವೇ ಕಂಡಿತು.

"ಏನಮ್ಮಾ, ಟೀ ಸಾಲ್ಲಿಲ್ವಾ? ಒಳಗೇ ಇಳೀತಿದ್ದೀರಿ!" ಎಂದರು ಟೀ ಮಾಡುವಾಕೆ.

"ಏನು ಹಾಕಿ ಉಜ್ಜುತ್ತೀರಿ ಇದನ್ನ?"

"ಉಜ್ಜೋದಾ, ನಾನಾ? ಬೋರ್ ನೀರು ಶುರುವಾದಾಗ ಸಾಹೇಬ್ರ ರೂಮಿನ ಗೀಸರ್ ಸುಟ್ಟುಹೋಯ್ತು ನೋಡಿ, ಆಗ್ಲೇ ಮಹಡಿ ಮೇಲೆ ಗಡಸು ತೆಗೆಯೋ ಮಷೀನು ಕೂರಿಸಿದ್ರು."

"ಆ ಮೈಕಿನ ಸಭೆ ಆಗೋಕೆ ಮುಂಚೆನಾ?"

"ಮುಂಚೇನೇ. ಸಾಹೇಬ್ರು ಅಲ್ಲಿ ಕುಡಿದ್ರಲ್ಲ, ಆ ನೀರು ನಾನೇ ಇಲ್ಲಿಂದ ತುಂಬಿ ಕಳ್ಸಿದ್ದು."

ಆಕೆಯನ್ನು ಹುಡುಕುವ ಶ್ರಮ ಬೇಡ. ಆಕೆಗೆ ಬೇರೆ ಕಡೆ ಕೆಲಸ ಸಿಕ್ಕಿ, ನಿಮ್ಮ ಕಟ್ಟಡ ದಾಟಿದ ಮೇಲೆಯೇ ನಾನು ಪೆನ್ನು ಹಿಡಿದಿದ್ದೇನೆ. ನನ್ನನ್ನು ಕಾಡುವ ಪ್ರಶ್ನೆ ಒಂದೇ. ನಿಮ್ಮ ಗೀಸರ್ ಸುಟ್ಟಾಗ ನೀವು ಯಾರನ್ನು ಕಳ್ಳ ಎಂದಿರಿ? ಯಾರನ್ನೂ ಇಲ್ಲ. ನಿಮಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ, ಬೆರಳನ್ನು ನಮ್ಮ ಅಂಗಡಿಯ ಕಡೆ ತೋರಿಸಿದಿರಿ.

ವಿಷಯ ತಿಳಿದ ಸಂಜೆಯೇ ನನ್ನ ಗಂಡ ತಮ್ಮನ ಬಾಡಿಗೆ ಕೋಣೆಗೆ ಹೋಗಿ, "ತಪ್ಪಾಯ್ತು ಕಣೋ, ಬಾ" ಎಂದು ಕರೆದರು. ಅವನು ಕೂರಿಸಿ ನೀರು ಕೊಟ್ಟ. ಬರಲು ಮಾತ್ರ ಒಪ್ಪಲಿಲ್ಲ. "ನಿಮ್ಮ ಮೇಲೆ ಕೋಪ ಇಲ್ಲ, ಭಾವ. ಆದ್ರೆ ನೀವು ಕರೆದ್ರಿ ಅಂತ ಬಂದು ಕೂತ್ರೆ ಜನ ಏನಂತಾರೆ? ಪಾಪ, ಭಾವ ಕ್ಷಮಿಸಿದ್ರು ಅಂತಾರೆ. ನಾನು ತಪ್ಪೇ ಮಾಡಿಲ್ಲ ಅಂತ ಯಾರೂ ಅನ್ನಲ್ಲ."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪರಿಹಾರ ಬೇಡ, ಸುಟ್ಟ ಕಾಯಿಲ್‌ಗಳ ಲೆಕ್ಕ ಬೇಡ, ನಮ್ಮ ಮನೆಗೆ ನಿಮ್ಮ ಮಷೀನೂ ಬೇಡ. ಮುಂದಿನ ಜನಸಂಪರ್ಕ ಸಭೆಯಲ್ಲಿ ಎದ್ದು ನಿಂತು, ನೀರು ಬದಲಾಗಿತ್ತು, ನಮಗೆ ಗೊತ್ತಿತ್ತು, ಆ ಅಂಗಡಿಯ ಮಾಲಿನಲ್ಲಿ ದೋಷವಿರಲಿಲ್ಲ ಎಂದು ಹೇಳಿ. ತಮ್ಮನನ್ನು ನಾನು ಕರೆತರುತ್ತೇನೆ. ಬಹಳ ಬೇಡಿಕೊಂಡ ಮೇಲೆ ಒಪ್ಪಿದ್ದಾನೆ, ಅದೂ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂರುತ್ತೇನೆಂಬ ಷರತ್ತಿನ ಮೇಲೆ. ಅಲ್ಲಿಗೂ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿ ಹೇಳಿ.

ಇಂತಿ,
ನಿಮ್ಮ ಒಂದು ಮಾತು ನಂಬಿ ಮನೆಯ ಒಂದು ತಟ್ಟೆ ಕಡಿಮೆ ಮಾಡಿಕೊಂಡ
ಒಬ್ಬ ಅಕ್ಕ