ಕ್ಲಾರಿನೆಟ್ಟಿನ ಮುರಿದ ತಿರುಪು

ವಿದ್ಯಾರಣ್ಯಪುರ
21 ಫೆಬ್ರವರಿ 2025, ಶುಕ್ರವಾರ

ನನ್ನ ಆಯೇಷಾಗೆ, ನಿನ್ನ ರಾಧಾಮಣಿ ಬರೆಯುವುದು.

ತಣಿಸಂದ್ರ ನಮ್ಮ ಮನೆಯಿಂದ ಎರಡು ಬಸ್ಸಿನ ದೂರ. ಬಂದು ನಿನ್ನ ಪಕ್ಕದಲ್ಲಿ ಕೂರಬೇಕಾದವಳು ಕಾಗದ ಬರೆಯುತ್ತಿದ್ದೇನೆ. ಎರಡು ದಿನದಿಂದ ನಿನ್ನ ಫೋನನ್ನೂ ಎತ್ತಿಲ್ಲ. ನಿನ್ನ ಮನೆಯವರು, ಮುಜಫ್ಫರ್ ಭಾಯಿ, ತೀರಿಹೋದರೆಂದು ನಿನ್ನ ಮಗ ಹುಜೈಫಾ ಬುಧವಾರ ಬೆಳಿಗ್ಗೆ ಕಳಿಸಿದ ಮೆಸೇಜನ್ನು ನಮ್ಮ ಮನೆಯವರೇ ಓದಿ ಹೇಳಿದರು. ಅವರು ಮಣ್ಣಿಗೆ ಬಂದಿದ್ದರು. ನಾನು ಬರಲಿಲ್ಲ. ಯಾಕೆಂದು ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು.

ಹುಜೈಫಾ ಕ್ಲಾರಿನೆಟ್ ತಂದುಕೊಟ್ಟದ್ದು ಹೋದ ವಾರ ಗುರುವಾರ. ಭಾಯಿ ನಲವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಊದಿದ ವಾದ್ಯ. ಕಿರುಬೆರಳಿನಲ್ಲಿ ಒತ್ತಿ ತೂತು ಮುಚ್ಚುವ ಕೀಯನ್ನು ಹಿಡಿದಿಡುವ ತಿರುಪು ತುಕ್ಕು ತಿಂದು, ತಲೆ ಮುರಿದು, ಹಿತ್ತಾಳೆಯ ಪುಟ್ಟ ಕಂಬದೊಳಗೇ ಸಿಕ್ಕಿಕೊಂಡಿತ್ತು. ಆ ಕೀ ಮುಚ್ಚದಿದ್ದರೆ ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ. "ಆಸ್ಪತ್ರೆಯವ್ರು ಮನೆಗೇ ಕರ್ಕೊಂಡ್ಹೋಗಿ ಅಂದ್ಬಿಟ್ರು ಆಂಟಿ. ನನ್ ಮಗಳು ಊದೋದನ್ನ ಒಂದ್ಸಲ ಕೇಳ್ಬೇಕಂತೆ ಅಬ್ಬಾಗೆ" ಎಂದ. ಜೈನಾಬ್ ಅಷ್ಟು ಚೆನ್ನಾಗಿ ತಾತನ ಹತ್ತಿರ ಕಲಿತಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. "ಶನಿವಾರ ಬಂದು ತಗೊಂಡ್ಹೋಗಪ್ಪ" ಎಂದು ಮಾತು ಕೊಟ್ಟುಬಿಟ್ಟೆ.

ಕೊಡಬಾರದಿತ್ತು. ಎಂಟು ತಿಂಗಳಿಂದ ನನ್ನ ಬಲಗೈ ನಡುಗುತ್ತಿದೆ, ಆಯೇಷಾ. ಹೆಬ್ಬಾಳದ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ. ಗಡಿಯಾರದ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ನಾವಿಬ್ಬರೂ ಕೂದಲೆಳೆ ತೂರುವಂಥ ತೂತು ಕೊರೆಯುತ್ತಿದ್ದಾಗ, "ರಾಧಾ ಕೈ ಅಂದ್ರೆ ಕಲ್ಲು ಕಣ್ರೇ" ಎಂದು ಊರಿಗೆಲ್ಲ ಹೇಳುತ್ತಿದ್ದವಳು ನೀನು. ಕಾರ್ಖಾನೆ ಮುಚ್ಚಿದ ಮೇಲೆ ಅದೇ ಕೈ ನಂಬಿಕೊಂಡು ಮನೆಯ ಮುಂದಿನ ಕೋಣೆಯಲ್ಲಿ ವಾದ್ಯಗಳ ರಿಪೇರಿ ಶುರು ಮಾಡಿದೆ. ನಿನಗೆ ಹೇಗೆ ಹೇಳಲಿ? ನಮ್ಮ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ.

ಮುರಿದ ತಿರುಪಿನ ನಡುವೆ ಸಣ್ಣ ತೂತು ಕೊರೆದು, ಅದರೊಳಗೆ ಚೌಕದ ಸೂಜಿ ಕೂರಿಸಿ, ಹಿಂದಕ್ಕೆ ತಿರುಗಿಸಿ ತೆಗೆಯಬೇಕು. ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡ ತೂತು, ಅಷ್ಟೇ. ಶುಕ್ರವಾರ ಕೊರೆಯಲು ಉಕ್ಕಿನ ಬಿಟ್ ಹಾಕಿದೆ. ತಿರುಪು ಗಟ್ಟಿ, ಬಿಟ್ ಜಾರಿತು. ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಬಿಟ್ ತೆಗೆದೆ. ಅದನ್ನು ಮೆಷಿನ್ನಿಗೇ ಕಟ್ಟಬೇಕು. "ಕಾರ್ಬೈಡ್‌ನ ಕೈಯಲ್ಲಿ ಹಿಡೀಬೇಡ್ರಮ್ಮ, ಉಸ್ರು ತಾಗಿದ್ರೂ ಮುರೀತದೆ" ಎಂದು ನಮ್ಮ ಸೂಪರ್‌ವೈಸರ್ ಚಿಕ್ಕಬೈರಪ್ಪನವರು ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು. ನನಗೂ ನೆನಪಿತ್ತು. ಆದರೂ ಕೈಹಿಡಿಗೆ ಸಿಕ್ಕಿಸಿದೆ. ಭಾಯಿಯ ಕೆಲಸವನ್ನಾದರೂ ನನ್ನ ಕೈಯಿಂದಲೇ ಮಾಡಬೇಕು, ಇನ್ನೂ ಆಗುತ್ತದೆಂದು ನೋಡಿಕೊಳ್ಳಬೇಕು ಎನಿಸಿತ್ತು. ನಾಲ್ಕು ಸುತ್ತು ಸರಿಯಾಗಿಯೇ ಇಳಿಯಿತು. ಐದನೆಯದಕ್ಕೆ ಟಿಕ್ ಎಂದಿತು. ತಿರುಪಿನೊಳಗೆ ಬಿಟ್, ಎರಡೂ ಕಂಬದೊಳಗೆ. ಕಾರ್ಬೈಡನ್ನು ಕೊರೆಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಉಳಿದದ್ದು ಒಂದೇ ದಾರಿ, ಕ್ಷೌರದ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕ. ಅದರ ಬಿಸಿನೀರು ಉಕ್ಕನ್ನು ಮೆಲ್ಲಗೆ ತಿನ್ನುತ್ತದೆ, ಹಿತ್ತಾಳೆಯನ್ನು ಮುಟ್ಟುವುದಿಲ್ಲ. ಸುತ್ತಲಿನ ತಿರುಪು ಕರಗಿದರೆ ಬಿಟ್ ತಾನೇ ಉದುರುತ್ತದೆ. ಕಂಬವನ್ನು ಬಿಚ್ಚಿ, ಸ್ಟೀಲಿನದು ಬೇಡವೆಂದು ಗಾಜಿನ ಬಟ್ಟಲಲ್ಲಿ ಪಟಿಕದ ನೀರಿಗೆ ಹಾಕಿ ಬಿಸಿನೀರಿನ ಪಾತ್ರೆಯೊಳಗೆ ಇಟ್ಟೆ. ಶನಿವಾರ ಹುಜೈಫಾ ಫೋನ್ ಮಾಡಿದಾಗ ಸೋಮವಾರ ಎಂದೆ. ತಿರುಪಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಅದನ್ನು ಬೇಗ ಮಾಡಿಸುವ ಉಪಾಯ ಯಾವುದೂ ಇಲ್ಲ. ನೀರು ಆರಿದರೆ ಬಿಸಿ ಮಾಡುವುದು, ಮತ್ತೆ ಕೂತು ನೋಡುವುದು. ಅನ್ನಕ್ಕಿಟ್ಟು ಮರೆತೆ, ಎರಡು ಸಲ ಸೀದುಹೋಯಿತು.

ಸೋಮವಾರ ನೀನೇ ಫೋನ್ ಮಾಡಿದೆ. "ಊದೋದೆಲ್ಲ ಬೇಡ ಕಣೇ ರಾಧಾ. ಕೈಯಲ್ಲಿ ಇಟ್ಕೊಂಡ್ರೆ ಸಾಕಂತೆ. ಹೆಂಗಿದ್ಯೋ ಹಂಗೇ ಕೊಟ್ಬಿಡು" ಎಂದೆ. ನಿನ್ನ ದನಿ ಕೇಳಿಯೂ ನಾನು, "ಇನ್ನೆರಡೇ ದಿನ ಕಣೇ, ಪೂರ್ತಿ ಮಾಡೇ ಕೊಡ್ತೀನಿ" ಎಂದೆ. ನೀನು "ಎರಡು ದಿನ ಇರ್ತಾರೋ ಇಲ್ವೋ" ಎಂದು ಫೋನ್ ಇಟ್ಟೆ.

ಆಗಲೇ ಒಂದು ಆಟೋ ಹಿಡಿದು ಬಂದಿದ್ದರೆ ಮುಗಿದಿತ್ತು. ಕಂಬ ಇಲ್ಲದಿದ್ದರೇನು, ಮರ ಅದೇ, ಅವರ ಬೆರಳು ಸವೆಸಿದ ಜಾಗ ಅದೇ. ಅಷ್ಟು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಬಿಚ್ಚಿಟ್ಟ ವಾದ್ಯ ನೋಡಿದರೆ ನೀನು ಏನಾಯಿತೆಂದು ಕೇಳುತ್ತೀಯ, ನನ್ನ ಕೈ ನೋಡುತ್ತೀಯ. ಬೇರೆ ಯಾರ ಕಣ್ಣಿಗೆ ಬೇಕಾದರೂ ಮಣ್ಣೆರಚಬಹುದು, ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡಿದ ನಿನ್ನ ಕಣ್ಣಿಗೆ ಆಗುವುದಿಲ್ಲ.

ಬಿಟ್ ನಿನ್ನೆ ಮಧ್ಯಾಹ್ನ ಉದುರಿತು. ಕಂಬವನ್ನು ಚಿಮುಟದಲ್ಲಿ ಎತ್ತಿದೆ, ಎಳ್ಳಿನ ಮುರುಕಿನಂಥದ್ದು ಬಟ್ಟಲಿನ ತಳಕ್ಕೆ ಬಿತ್ತು. ಕಂಬದ ಒಳಗೆ ತಿರುಪು ಕೂರುವ ಗೆರೆ ಒಂದೂ ಕೆಟ್ಟಿರಲಿಲ್ಲ. ಹೊಸ ತಿರುಪನ್ನು ನಮ್ಮ ಮನೆಯವರ ಕೈಯಿಂದ ಹಾಕಿಸಿದೆ. ನಾನು ಹಾಕಲು ಹೋದರೆ ಮೂರು ಸಲ ನೆಲಕ್ಕೆ ಬಿತ್ತು. ಕೀ ಈಗ ಸರಿಯಾಗಿ ಮುಚ್ಚುತ್ತದೆ. ಅದನ್ನು ಒತ್ತಿ ನೋಡಿ ನಮ್ಮ ಮನೆಯವರು, "ಚೆನ್ನಾಗಾಯ್ತಲ್ಲ" ಎಂದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹಿತ್ತಲಿಗೆ ಹೋದೆ.

ಈ ಕಾಗದದ ಜೊತೆ ನಮ್ಮ ಮನೆಯವರೇ ಕ್ಲಾರಿನೆಟ್ ತರುತ್ತಿದ್ದಾರೆ. ಜೈನಾಬ್ ಊದುತ್ತಾಳೋ, ನೀನು ಊದಲು ಬಿಡುತ್ತೀಯೋ, ಕೇಳುವ ಮುಖ ನನಗಿಲ್ಲ. ಮುಂದೆ ಎಂದಾದರೂ ನೀನು ಬಾ ಎಂದರೆ ಬರುತ್ತೇನೆ. ಕರೆಯದಿದ್ದರೂ ನನ್ನ ಕಡೆಯಿಂದ ಒಂದು ಮಾತೂ ಇಲ್ಲ.

ನಿನ್ನ
ರಾಧಾಮಣಿ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಮಂಗಳವಾರ ಸಂಜೆ ಹುಜೈಫಾ ಬಂದಿದ್ದ. ಮನೆಗೆ ಬೀಗ ಹಾಕಿತ್ತು, ಯಾರೂ ಇರಲಿಲ್ಲ ಎಂದು ನಿನಗೆ ಹೇಳಿರುತ್ತಾನೆ. ಮುಂದಿನ ಬಾಗಿಲಿಗೆ ಬೀಗ ಹಾಕಿ, ಹಿತ್ತಲಿನಿಂದ ಒಳಗೆ ಬಂದು ಕೂತಿದ್ದವಳು ನಾನು. ಅವನು ಐದು ಸಲ ಬೆಲ್ ಒತ್ತಿದ. "ಆಂಟಿ, ಅಬ್ಬಾ ಕೇಳ್ತಾವ್ರೆ" ಎಂದು ಕಿಟಕಿಯ ಹತ್ತಿರ ಬಂದು ಕೂಗಿದ. ನನ್ನ ತೊಡೆಯ ಮೇಲೇ ಇತ್ತು, ಆಯೇಷಾ, ಕ್ಲಾರಿನೆಟ್.